ಟವೆಲ್ ಜಡೆ ಕಟ್ಟಿಕೊಂಡಾಗ ಉಗ್ಗು ಎಲ್ಲಿ ಹೋಗುತ್ತೆ?

ನಾನು ಸ್ಪೀಚ್ ಥೆರಪಿಸ್ಟ್. ಮೈಸೂರಿನಲ್ಲಿ ಓದಿದೆ. ಹದಿನಾರು ವರ್ಷದಿಂದ ಹಾಸನದಲ್ಲಿ ಒಂದು ಸಣ್ಣ ಕ್ಲಿನಿಕ್ ನಡೆಸುತ್ತಿದ್ದೇನೆ. ನನ್ನ ಹತ್ತಿರ ಬರುವವರಲ್ಲಿ ಉಗ್ಗುವವರೇ ಜಾಸ್ತಿ. ಅವರ ಮನೆಯವರು ಬಾಗಿಲು ಮುಚ್ಚಿ, ದನಿ ತಗ್ಗಿಸಿ ಕೇಳುವ ಒಂದು ಪ್ರಶ್ನೆ ಇದೆ. "ಮೇಡಂ, ನಮ್ಮ ಹುಡುಗ ಉಗ್ಗುತ್ತಾನೆ. ಜೊತೆಗೆ ಸ್ವಲ್ಪ ಹುಡುಗಿ ಥರ ಆಡ್ತಾನೆ. ಅದರಿಂದ ಇದು ಬಂತಾ, ಇದರಿಂದ ಅದು ಬಂತಾ?" ಕೇಳುವ ರೀತಿ ಒಬ್ಬೊಬ್ಬರದು ಒಂದೊಂದು, ಪ್ರಶ್ನೆ ಮಾತ್ರ ಇದೇ. ಇಷ್ಟು ದಿನ ಎದುರಿಗೆ ಕೂತವರಿಗೆ ಹೇಳಿ ಕಳಿಸುತ್ತಿದ್ದೆ. ಈಗ ಬರೆದೇ ಬಿಡೋಣ ಅನಿಸಿದೆ. ಇಲ್ಲಿ ಬರುವವರನ್ನೆಲ್ಲ ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ಬರೆಯುವ ಹಾಗೆ ಮಾಡಿದ್ದು ಕಳೆದ ವರ್ಷ ಬಂದ ಒಬ್ಬ ತಾಯಿ. ಒಂಬತ್ತು ವರ್ಷದ ಮಗನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಒಳಗೆ ಬಂದರು. "ಕ್ಲಾಸಲ್ಲಿ ಹಾಜರಿ ಕೂಗಿದ್ರೆ 'ಪ್ರೆಸೆಂಟ್ ಮಿಸ್' ಅನ್ನೋಕಾಗಲ್ಲ ಮೇಡಂ. 'ಪ' ಅಂತ ತುಟಿ ಒತ್ತಿ ಹಿಡ್ಕೊಂಡು ನಿಂತುಬಿಡ್ತಾನೆ. ಆದ್ರೆ ಮನೇಲಿ ಟವೆಲ್ ತಲೆಗೆ ಕಟ್ಕೊಂಡು ಜಡೆ ಮಾಡ್ಕೊಂಡು ಟೀಚರ್ ಆಟ ಆಡ್ತಾನಲ್ಲ, ಆಗ ಒಂದಕ್ಷರ ತಡೆಯಲ್ಲ" ಎಂದರು. ಫೋನಿನಲ್ಲಿ ಕದ್ದು ತೆಗೆದ ವಿಡಿಯೊ ತೋರಿಸಿದರು. ಚೌಕುಳಿ ಟವೆಲ್, ತುದಿಗೆ ಕೆಂಪು ರಬ್ಬರ್ ಬ್ಯಾಂಡ್. ಕೈಯಲ್ಲಿ ಸ್ಟೀಲ್ ಸ್ಕೇಲು. ಗೋಡೆಗೆ ಪಾಠ ಮಾಡುತ್ತಿದ್ದಾನೆ. "ಪುಸ್ತಕ ತೆಗೀರಿ. ಪುಟ ಇಪ್ಪತ್ತು. ಪದ್ಯ ಯಾರು ಓದ್ತೀರಾ?" ಅದೇ 'ಪ', ನೀರು ಹರಿದ ಹಾಗೆ.

ಇದನ್ನು ನೋಡಿದ ಮೇಲೆ ಅವರಪ್ಪ ಟವೆಲ್ ಕಿತ್ತುಕೊಂಡಿದ್ದರು. ಹುಡುಗಿ ಥರ ಆಡುವುದನ್ನು ಬಿಡಿಸಿದರೆ ಉಗ್ಗೂ ಬಿಡುತ್ತದೆ ಎಂದು ಅವರ ಲೆಕ್ಕ. ತಾಯಿಯ ಲೆಕ್ಕ ಉಲ್ಟಾ. "ಹುಡುಗಿ ಆದಾಗ ಉಗ್ಗಲ್ಲ ಅಂದ್ರೆ, ಒಳಗೆ ಅವನು ಹುಡುಗೀನೇನಾ ಮೇಡಂ?" ಎಂದು ಕೇಳಿದರು. ಟವೆಲ್ ಹೋಗಿ ಮೂರು ವಾರ ಆಗಿತ್ತು. ಹುಡುಗ ಮನೆಯಲ್ಲೂ ಮಾತು ಕಮ್ಮಿ ಮಾಡಿದ್ದ.

ಆ ತಾಯಿ ಕಣ್ಣಾರೆ ಕಂಡದ್ದು ಸುಳ್ಳಲ್ಲ. ಅದಕ್ಕೇ "ಹಾಗೇನಿಲ್ಲ ಹೋಗಿ" ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಕಂಡದ್ದು ಸರಿ, ಅದಕ್ಕೆ ಹಚ್ಚಿದ ಕಾರಣ ತಪ್ಪು.

ಮೊದಲು ಉಗ್ಗಿನ ಬಗ್ಗೆ ಸ್ವಲ್ಪ. ಇದು ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ ಶುರುವಾಗುತ್ತದೆ. ನೂರು ಮಕ್ಕಳಲ್ಲಿ ಐದರಿಂದ ಎಂಟು ಮಕ್ಕಳು ಯಾವಾಗಲಾದರೂ ಉಗ್ಗುತ್ತಾರೆ. ಹೆಚ್ಚಿನವರಿಗೆ ತಾನಾಗೇ ಹೋಗುತ್ತದೆ. ದೊಡ್ಡವರಲ್ಲಿ ನೂರಕ್ಕೆ ಒಬ್ಬರಿಗೆ ಉಳಿದುಕೊಳ್ಳುತ್ತದೆ. ನಾಲಿಗೆ ದಪ್ಪ ಇರುವುದರಿಂದ ಬರುವುದಲ್ಲ, ಹೆದರಿಕೆಯಿಂದ ಬರುವುದೂ ಅಲ್ಲ. ಮಾತು ಹೊರಡುವ ಹೊತ್ತಿಗೆ ಮಿದುಳು, ಉಸಿರು, ಗಂಟಲು, ತುಟಿ ಎಲ್ಲ ಒಂದೇ ತಾಳಕ್ಕೆ ಬರಬೇಕು. ಆ ಹೊಂದಾಣಿಕೆಯಲ್ಲಿ ತಡೆ ಬೀಳುತ್ತದೆ. ಎಷ್ಟೋ ಮನೆಗಳಲ್ಲಿ ಇದು ವಂಶದಲ್ಲಿ ಹರಿದು ಬರುತ್ತದೆ. 2010ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಪಾಕಿಸ್ತಾನದ ಕುಟುಂಬಗಳಿಂದ ಶುರು ಮಾಡಿ, ಉಗ್ಗಿಗೆ ಸಂಬಂಧಪಟ್ಟ ಮೂರು ಜೀನ್‌ಗಳನ್ನು ಗುರುತಿಸಿದರು. ಅವು ಜೀವಕೋಶದ ಒಳಗಿನ ಕಸ ವಿಲೇವಾರಿಯಲ್ಲಿ ಕೆಲಸ ಮಾಡುವ ಜೀನ್‌ಗಳು. ಎಲ್ಲರ ಉಗ್ಗಿಗೂ ಅವೇ ಕಾರಣವಲ್ಲ. ಆದರೆ ಇದು ಮೈಯೊಳಗಿನ ವಿಷಯ, ನಡತೆಯದ್ದಲ್ಲ ಎಂದು ತೋರಿಸಲು ಅಷ್ಟು ಸಾಕು. ನಮ್ಮ ಕಡೆ ಬಜೆ ತೇದು ನಾಲಿಗೆಗೆ ಹಚ್ಚುತ್ತಾರೆ, ಬಾಯಲ್ಲಿ ಕಲ್ಲು ಇಟ್ಟು ಓದಿಸುತ್ತಾರೆ. ಉಗ್ಗು ನಾಲಿಗೆಯಲ್ಲಿ ಇಲ್ಲ, ಅದಕ್ಕೇ ಅವು ನಾಟುವುದಿಲ್ಲ. ಚಿಕ್ಕ ಮಕ್ಕಳ ಬಾಯಿಗೆ ಕಲ್ಲು ಹಾಕುವುದು ಅಪಾಯ ಕೂಡ.

ಸ್ವಲ್ಪ ಓದಿಕೊಂಡವರು ಇಲ್ಲಿ ಒಂದು ಮಾತು ಎತ್ತುತ್ತಾರೆ. "ಉಗ್ಗುವವರಲ್ಲಿ ಗಂಡಸರೇ ಜಾಸ್ತಿ ಅಲ್ವಾ? ಅಂದಮೇಲೆ ಗಂಡು ಹೆಣ್ಣಿಗೂ ಇದಕ್ಕೂ ಏನೋ ಇದ್ದೇ ಇರಬೇಕು." ಹೌದು, ದೊಡ್ಡವರಲ್ಲಿ ನಾಲ್ಕು ಗಂಡಸರಿಗೆ ಒಬ್ಬ ಹೆಂಗಸಿನ ಲೆಕ್ಕ. ಆದರೆ ಶುರುವಾಗುವ ವಯಸ್ಸಿನಲ್ಲಿ ಅಷ್ಟು ವ್ಯತ್ಯಾಸ ಇರುವುದಿಲ್ಲ. ಹೆಣ್ಣುಮಕ್ಕಳಿಗೆ ತಾನಾಗಿ ವಾಸಿಯಾಗುವುದು ಜಾಸ್ತಿ, ಅದಕ್ಕೇ ಅಂತರ ಬೆಳೆಯುತ್ತಾ ಹೋಗುತ್ತದೆ. ಇದು ಹುಟ್ಟಿನ ಶರೀರದ ಲೆಕ್ಕ. ಹುಡುಗ ಹೇಗೆ ನಡೆಯುತ್ತಾನೆ, ಏನು ಉಡುತ್ತಾನೆ, ಯಾವ ಆಟ ಆಡುತ್ತಾನೆ ಎನ್ನುವುದು ಇದರಲ್ಲಿ ಎಲ್ಲಿಯೂ ಬರುವುದಿಲ್ಲ. ಹೆಣ್ಣುತನದಿಂದ ಉಗ್ಗು ಬರುವುದೇ ಆಗಿದ್ದರೆ ಹೆಂಗಸರೇ ಜಾಸ್ತಿ ಉಗ್ಗಬೇಕಿತ್ತು, ಅಲ್ವಾ?

ಈಗ ಟವೆಲಿಗೆ ಬರೋಣ. ಉಗ್ಗುವವರು ಸಾಮಾನ್ಯವಾಗಿ ಹಾಡುವಾಗ ಉಗ್ಗುವುದಿಲ್ಲ. ಇನ್ನೊಬ್ಬರ ಜೊತೆ ಒಟ್ಟಿಗೆ ಓದುವಾಗಲೂ ಹೆಚ್ಚಾಗಿ ಉಗ್ಗುವುದಿಲ್ಲ. ನಾಯಿ ಜೊತೆ, ಕರು ಜೊತೆ, ಒಬ್ಬರೇ ಇದ್ದಾಗ ಬಹಳ ಕಮ್ಮಿ. ಇನ್ನೊಬ್ಬರ ಪಾತ್ರ ಹಾಕಿಕೊಂಡು, ದನಿ ಬದಲಿಸಿಕೊಂಡು ಮಾತಾಡುವಾಗ ಎಷ್ಟೋ ಜನರ ಮಾತು ಸಲೀಸಾಗುತ್ತದೆ. ಇಂಗ್ಲೆಂಡಿನ ನಟಿ ಎಮಿಲಿ ಬ್ಲಂಟ್ ಚಿಕ್ಕವಳಿದ್ದಾಗ ಬಹಳ ಉಗ್ಗುತ್ತಿದ್ದಳು. ಬೇರೆ ಊರಿನವರ ಉಚ್ಚಾರಣೆಯಲ್ಲಿ ಮಾತಾಡಿ ನಾಟಕ ಮಾಡು ಎಂದು ಶಾಲೆಯ ಟೀಚರ್ ಹೇಳಿದ ಮೇಲೆ ಮಾತಿಗೆ ದಾರಿ ಸಿಕ್ಕಿತು ಎಂದು ಅವಳೇ ಹೇಳಿಕೊಂಡಿದ್ದಾಳೆ. ಟವೆಲ್ ಜಡೆಯ ಟೀಚರ್‌ಗೂ ಇದೇ ಆಗಿದ್ದು. ಪಾತ್ರ ಇದೆ, ಎದುರಿಗೆ ಗೋಡೆ ಇದೆ, ಮುಖ ನೋಡಿ ನಗುವವರಿಲ್ಲ.

ತಾಯಿಗೆ ನಂಬಿಕೆ ಬರಲಿಲ್ಲ. ಅದಕ್ಕೆ ಹುಡುಗನನ್ನು ಒಳಗೆ ಕರೆದೆ. "ನೀನು ಕಂಡಕ್ಟರು, ನಾನು ಬೆಂಗಳೂರಿಗೆ ಹೋಗೋ ಪ್ಯಾಸೆಂಜರ್" ಎಂದು ಒಂದು ಚೀಟಿ ಕಟ್ಟು ಕೈಗೆ ಕೊಟ್ಟೆ. ಒಂದು ನಿಮಿಷ ನನ್ನನ್ನೇ ನೋಡಿದ. ಆಮೇಲೆ ಚೀಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ದನಿ ದಪ್ಪ ಮಾಡಿದ. "ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್, ಕುಣಿಗಲ್! ಪಾಸ್ ಇದ್ಯಾ, ಪಾಸ್? ಪಾಸ್ ಇರೋರು ತೋರ್ಸಿ!" ಎಲ್ಲೂ ತಡೆಯಲಿಲ್ಲ. ತಾಯಿ ಸೆರಗು ಬಾಯಿಗೆ ಒತ್ತಿಕೊಂಡರು. ಜಡೆ ಇಲ್ಲದೆಯೂ 'ಪ' ಬಂದಿತ್ತು.

ಹಾಗಂತ ಅವನು ಮುಂದೆ ಏನಾಗುತ್ತಾನೆ ಎಂದು ನನಗೆ ಗೊತ್ತು ಎಂದಲ್ಲ. ದೊಡ್ಡವನಾದ ಮೇಲೆ ತಾನು ಹೆಣ್ಣು ಎಂದು ಹೇಳಬಹುದು. ಹೇಳದೆಯೂ ಇರಬಹುದು. ಸುಮ್ನೆ ಟೀಚರ್ ಮೇಲೆ ಪ್ರೀತಿ ಇರುವ ಹುಡುಗನೂ ಆಗಿರಬಹುದು. ಉಗ್ಗನ್ನು ನೋಡಿ ಅದನ್ನು ಹೇಳಲು ಬರುವುದಿಲ್ಲ.

ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳಿದವರು ಒಬ್ಬ ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ಗಂಡು ಎಂದು ಗುರುತಿಸಿದ್ದರೂ ಹೆಣ್ಣಾಗಿ ಬದುಕುವವರು. ಅವರಿಗಾಗ ಇಪ್ಪತ್ತೇಳು ವರ್ಷ. ದನಿ ಬದಲಿಸಿಕೊಳ್ಳುವ ಅಭ್ಯಾಸಕ್ಕೆ ಬಂದಿದ್ದರು. ಚಿಕ್ಕಂದಿನಿಂದ ಉಗ್ಗು ಇತ್ತು. ಹೆಣ್ಣಿನ ಹಾರ್ಮೋನ್ ತೆಗೆದುಕೊಂಡರೆ ದನಿಯೂ ತೆಳ್ಳಗಾಗುತ್ತದೆ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಹರೆಯದಲ್ಲಿ ಒಮ್ಮೆ ದಪ್ಪಗಾದ ಧ್ವನಿತಂತುಗಳು ಹಾಗೇ ಉಳಿಯುತ್ತವೆ. ಗಂಡಿನ ಹಾರ್ಮೋನ್ ತೆಗೆದುಕೊಳ್ಳುವ ಟ್ರಾನ್ಸ್ ಗಂಡಸರ ದನಿ ಮಾತ್ರ ತಾನಾಗಿ ಇಳಿಯುತ್ತದೆ. ಹಾಗಾಗಿ ಇವರು ಅಭ್ಯಾಸವನ್ನೇ ಮಾಡಬೇಕಿತ್ತು. ದನಿಯ ಮಟ್ಟ ಏರಿಸುವುದು ಅದರಲ್ಲಿ ಒಂದು ಭಾಗ ಅಷ್ಟೇ. ಮಾತನ್ನು ಮೆತ್ತಗೆ ಶುರು ಮಾಡುವುದು, ಗಂಟಲು ಬಿಗಿಯದಿರುವುದು, ಸ್ವರ ಸ್ವಲ್ಪ ಎಳೆಯುವುದು, ಉಸಿರು ಹರಿಯಲು ಬಿಡುವುದು, ಇವೂ ಇವೆ.

ಉಗ್ಗುವವರಿಗೂ ನಾವು ಹೆಚ್ಚುಕಮ್ಮಿ ಇದನ್ನೇ ಕಲಿಸುತ್ತೇವೆ. ಮೆತ್ತಗೆ ಶುರು ಮಾಡಿ, ತುಟಿ ಒತ್ತಬೇಡಿ, ಸ್ವರ ಎಳೆಯಿರಿ. ಎರಡು ಬೇರೆ ಬೇರೆ ಕಾರಣಕ್ಕೆ ಒಂದೇ ಅಭ್ಯಾಸ. ಹಾಗಾಗಿ ಮೊದಲ ಎರಡು ತಿಂಗಳು ಅವರ ಉಗ್ಗು ಮಾಯವಾದ ಹಾಗೇ ಆಯಿತು. ಅವರ ಖುಷಿ ಹೇಳತೀರದು. "ನಾನು ನಾನಾದೆ, ಉಗ್ಗು ಹೋಯ್ತು" ಎಂದು ಎಲ್ಲರಿಗೂ ಹೇಳಿಕೊಂಡರು. ಮೂರನೇ ತಿಂಗಳು ಉಗ್ಗು ವಾಪಸ್ ಬಂತು. ಹೊಸ ರೀತಿಯಲ್ಲಿ ಮಾತಾಡಲು ಶುರು ಮಾಡಿದ ಉಗ್ಗುವವರಲ್ಲಿ ಎಷ್ಟೋ ಜನರಿಗೆ ಹೀಗೆ ಆಗುತ್ತದೆ. ರೀತಿ ಹೊಸದಾಗಿರುವಷ್ಟು ದಿನ ಮಾತು ಹರಿಯುತ್ತದೆ, ಅಭ್ಯಾಸ ಆಗುತ್ತಿದ್ದ ಹಾಗೆ ತಡೆ ಮರಳುತ್ತದೆ. ಇದನ್ನು ನಾನು ಮೊದಲೇ ಹೇಳಿದ್ದೆ. ಆದರೆ ಇನ್ನೂ ಒತ್ತಿ, ಎರಡೆರಡು ಸಲ ಹೇಳಬೇಕಿತ್ತು. ಯಾಕೆಂದರೆ ಅವತ್ತು ಅವರು ಕುರ್ಚಿಯಲ್ಲಿ ಕೂತು ಕೇಳಿದ್ದು ಇಷ್ಟು. "ಉಗ್ಗು ವಾಪಸ್ ಬಂತು ಅಂದ್ರೆ, ನಾನು ನಿಜವಾಗ್ಲೂ ಹೆಣ್ಣಲ್ವಾ ಅಕ್ಕ?"

ಉಗ್ಗುವ ಹೆಂಗಸರು ಬೇಕಾದಷ್ಟು ಜನ ಇದ್ದಾರೆ ಎಂದು ಹೇಳಿದೆ. ನನ್ನ ಕ್ಲಿನಿಕ್ಕಿಗೆ ಕಮ್ಮಿ ಬರುತ್ತಾರೆ, ಅಷ್ಟೇ. ಅದಕ್ಕೂ ಕಾರಣ ಇದೆ. ಹುಡುಗಿ ಮಾತಾಡದಿದ್ದರೆ ನಮ್ಮಲ್ಲಿ ಯಾರಿಗೂ ಅದು ತೊಂದರೆ ಅನಿಸುವುದಿಲ್ಲ. "ನಮ್ಮ ಹುಡುಗಿ ಬಾಳ ಸೈಲೆಂಟು" ಎಂದು ಹೊಗಳುತ್ತಾರೆ. ಒಳಗೊಳಗೇ ಅವಳು ಪ್ರತಿ ವಾಕ್ಯದಲ್ಲಿ ಕಷ್ಟದ ಪದ ತಪ್ಪಿಸಿ ಇನ್ನೊಂದು ಪದ ಹುಡುಕುತ್ತಿರುತ್ತಾಳೆ. ನನ್ನ ಹತ್ತಿರ ಬಂದ ಒಬ್ಬರು ಹನ್ನೊಂದು ವರ್ಷ ಸಂಸಾರ ಮಾಡಿದ್ದರು. ತಾನು ಉಗ್ಗುತ್ತೇನೆಂದು ಗಂಡನಿಗೆ ಗೊತ್ತಾಗದ ಹಾಗೆ ನೋಡಿಕೊಂಡಿದ್ದರು. ದಿನವಿಡೀ ಆ ಕಾವಲು ಕಾಯುವುದು ಎಂಥ ದಣಿವು, ಸ್ವಲ್ಪ ಯೋಚಿಸಿ.

ಹುಡುಗರ ಕಷ್ಟ ಇನ್ನೊಂದು ರೀತಿ. ಎಂಜಿನಿಯರಿಂಗ್ ಓದುವ ಹುಡುಗನೊಬ್ಬನಿಗೆ ಮೆತ್ತಗೆ ಶುರು ಮಾಡುವುದನ್ನು ಕಲಿಸಿದೆ. ಕೋಣೆಯಲ್ಲಿ ಚೆನ್ನಾಗಿ ಮಾಡುತ್ತಿದ್ದ. ಹೊರಗೆ ಹೋದರೆ ಇಲ್ಲ. ಕೇಳಿದ್ದಕ್ಕೆ, "ಹೀಗೆ ನಯವಾಗಿ ಮಾತಾಡಿದ್ರೆ ಹಾಸ್ಟೆಲಲ್ಲಿ ಹೆಣ್ಣಿಗ ಅಂತಾರೆ ಮೇಡಂ. ಉಗ್ಗ ಅನ್ನಿಸ್ಕೊಳ್ಳೋದೇ ವಾಸಿ" ಎಂದ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಉಗ್ಗಿಗೂ ಗಂಡು ಹೆಣ್ಣಿನ ನಡತೆಗೂ ಸಂಬಂಧ ಕಂಡಿದ್ದು ಇಂಥ ಕಡೆಯೇ. ಒಂದರಿಂದ ಇನ್ನೊಂದು ಹುಟ್ಟುವುದಿಲ್ಲ. ಆದರೆ ಎರಡಕ್ಕೂ ಕಾವಲು ಕಾಯಬೇಕಾದ ಮಗುವಿಗೆ ಎರಡರ ಭಾರವೂ ಒಟ್ಟಿಗೆ ಬೀಳುತ್ತದೆ. ಬಾಯಿ ತೆರೆಯುವ ಮೊದಲೇ 'ತಡೆಯುತ್ತಾ?' ಎಂದು ಒಂದು ಲೆಕ್ಕ, 'ದನಿ ತೆಳ್ಳಗಾಯ್ತಾ, ಕೈ ಜಾಸ್ತಿ ಆಡಿಸಿದೆನಾ?' ಎಂದು ಇನ್ನೊಂದು ಲೆಕ್ಕ. ಅಷ್ಟು ಲೆಕ್ಕ ಮುಗಿಸಿ ಮಾತು ಹೊರಡುವುದು ಕಷ್ಟವೇ. ಅಮೆರಿಕದಲ್ಲಿ ಉಗ್ಗುವ ಸಲಿಂಗಿಗಳು ಮತ್ತು ಟ್ರಾನ್ಸ್‌ಜೆಂಡರ್ ಜನ ಸೇರಿ ಒಂದು ಬಳಗ ಕಟ್ಟಿಕೊಂಡಿದ್ದರು. ಹೆಸರು 'ಪಾಸಿಂಗ್ ಟ್ವೈಸ್'. ಎರಡು ಸಲ ಬೇರೆಯವರ ಹಾಗೆ ತೋರಿಸಿಕೊಂಡು ದಾಟಿ ಹೋಗಬೇಕಾದವರು ಎಂದು ಅರ್ಥ. ನನಗೆ ಬಹಳ ಹಿಡಿಸಿದ ಹೆಸರು.

ಕನ್ನಡದ ಬಗ್ಗೆ ಒಂದು ಮಾತು, ಇದು ಆ ಟ್ರಾನ್ಸ್ ಮಹಿಳೆಯೇ ತೋರಿಸಿಕೊಟ್ಟಿದ್ದು. "ನಾನು ಬಂದೆ, ನಾನು ಹೋಗ್ತೀನಿ" ಎನ್ನುವಾಗ ಕನ್ನಡ ನೀವು ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ. ಹಿಂದಿಯಲ್ಲಾದರೆ 'ಆಯಾ', 'ಆಯೀ' ಎರಡರಲ್ಲಿ ಒಂದನ್ನು ಆರಿಸಲೇಬೇಕು. "ಕನ್ನಡದಲ್ಲಿ ನನ್ನ ಬಾಯಿ ಮಟ್ಟಿಗೆ ಆರಾಮಾಗಿದ್ದೀನಿ ಅಕ್ಕ. ತೊಂದರೆ ಎಲ್ಲಾ ಬೇರೆಯವರ ಬಾಯಲ್ಲಿ. ಬಂದ ಅಂತಾರಾ, ಬಂದಳು ಅಂತಾರಾ" ಎಂದಿದ್ದರು. ಫೋನಿನಲ್ಲಿ ಇದು ಇನ್ನೂ ಕಷ್ಟ. ಮುಖ ಕಾಣುವುದಿಲ್ಲ, ದನಿ ಕೇಳಿ 'ಸರ್' ಎಂದುಬಿಡುತ್ತಾರೆ. ತಿದ್ದಲು ಹೋದರೆ ಮಾತು ತಡೆಯುತ್ತದೆ, ಅಷ್ಟರಲ್ಲಿ ಆ ಕಡೆ ಫೋನ್ ಇಟ್ಟಿರುತ್ತಾರೆ.

ಹೆಸರಿನ ವಿಷಯವೂ ಹೇಳಬೇಕು. ಉಗ್ಗುವವರಿಗೆ ತಮ್ಮ ಹೆಸರೇ ಬಹಳ ಕಷ್ಟದ ಪದ, ಯಾಕೆಂದರೆ ಅದಕ್ಕೆ ಬದಲಿ ಪದ ಇಲ್ಲ. ಆ ಟ್ರಾನ್ಸ್ ಮಹಿಳೆಗೆ ಹೆಸರು ಆರಿಸಿಕೊಳ್ಳುವ ಅವಕಾಶ ಇತ್ತು. 2014ರಲ್ಲಿ ಸುಪ್ರೀಂ ಕೋರ್ಟ್ ತಮ್ಮ ಲಿಂಗ ಯಾವುದೆಂದು ಹೇಳುವ ಹಕ್ಕು ಟ್ರಾನ್ಸ್‌ಜೆಂಡರ್ ಜನರಿಗೇ ಇದೆ ಎಂದು ತೀರ್ಪು ಕೊಟ್ಟ ಮೇಲೆ ಕಾಗದಪತ್ರದ ದಾರಿಯೂ ಸ್ವಲ್ಪ ತೆರೆದಿತ್ತು. ಅವರಿಗೆ ಅಜ್ಜಿಯ ಹೆಸರು ಬೇಕಿತ್ತು. ಅದು 'ಬ' ಅಕ್ಷರದ್ದು, ಅವರು ಗಟ್ಟಿಯಾಗಿ ತಡೆಯುವ ಅಕ್ಷರ. 'ಸ' ಅಕ್ಷರದಲ್ಲಿ ಸುಲಭವಾದದ್ದೇನಾದರೂ ಇಟ್ಟುಕೋ ಎಂದು ಗೆಳತಿಯರು ಹೇಳಿದರು. ನಾನು ಯಾವ ಕಡೆಗೂ ಹೇಳಲಿಲ್ಲ. ಅಜ್ಜಿಯ ಹೆಸರನ್ನೇ ಇಟ್ಟುಕೊಂಡರು. ಈಗಲೂ ಫೋನ್ ಮಾಡಿದರೆ 'ಬ' ಮೇಲೆ ನಾಲ್ಕೈದು ಸೆಕೆಂಡ್ ನಿಲ್ಲುತ್ತಾರೆ. ನಾನು ಕಾಯುತ್ತೇನೆ.

ಟವೆಲ್ ಕಿತ್ತುಕೊಂಡ ತಂದೆಗೆ ನಾನು ಹೇಳಿದ್ದು 1939ರ ಒಂದು ಕಥೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಡ್ಯಾವೆನ್‌ಪೋರ್ಟ್ ಊರಿನ ಅನಾಥಾಶ್ರಮದಲ್ಲಿ 22 ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಸರಿಯಾಗಿ ಮಾತಾಡುತ್ತಿದ್ದ ಕೆಲವು ಮಕ್ಕಳಿಗೆ, "ನೀನು ಉಗ್ಗುತ್ತಿದ್ದೀಯ, ಸರಿಯಾಗಿ ಬರುವ ತನಕ ಮಾತಾಡಬೇಡ" ಎಂದು ತಿಂಗಳುಗಟ್ಟಲೆ ಹೇಳಿದರು. ಆ ಮಕ್ಕಳು ಉಗ್ಗುವವರಾಗಲಿಲ್ಲ. ಆದರೆ ಮಾತು ಕಮ್ಮಿ ಮಾಡಿದರು, ಸಂಕೋಚದಿಂದ ಮುದುಡಿದರು. ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2001ರಲ್ಲಿ. "ನಿಮ್ಮ ಮಗನಿಗೆ ಈಗ ಎರಡು ವಿಷಯಕ್ಕೂ ಬೇಡ ಬೇಡ ಅಂತಿದ್ದೀರಿ. ಮೂರು ವಾರದಲ್ಲಿ ಏನಾಗಿದೆ ನೀವೇ ನೋಡಿ" ಎಂದೆ. ಅವರು ಏನೂ ಹೇಳಲಿಲ್ಲ. ಕೆಟ್ಟ ಮನುಷ್ಯ ಅಲ್ಲ. ಅಂಗಡಿ ಬಾಗಿಲು ಹಾಕಿಕೊಂಡು ನಲವತ್ತು ಕಿಲೋಮೀಟರ್ ಬೈಕಲ್ಲಿ ಬಂದಿದ್ದರು. ಊರವರು ಮಗನನ್ನು ಆಡಿಕೊಳ್ಳುತ್ತಾರೆಂಬ ಭಯ ಅವರ ಮುಖದಲ್ಲೇ ಕಾಣುತ್ತಿತ್ತು.

ಕ್ಲಾಸ್ ಟೀಚರ್‌ಗೆ ಒಂದು ಚೀಟಿ ಬರೆದುಕೊಟ್ಟೆ. ಹಾಜರಿಗೆ ಅವನು ಕೈ ಎತ್ತಿದರೆ ಸಾಕು, ಮಾತು ತಡೆದಾಗ ಅವನ ಬದಲು ಬೇರೆ ಯಾರೂ ಮುಗಿಸಬಾರದು. ಮನೆಯಲ್ಲಿ ದಿನಾ ಹತ್ತು ನಿಮಿಷ ಅಪ್ಪ ಮಗ ಒಟ್ಟಿಗೆ ದನಿ ಸೇರಿಸಿ ಪೇಪರ್ ಓದಬೇಕು. ಟವೆಲ್ ವಾಪಸ್ ಕೊಡಿ ಎಂದೂ ಹೇಳಿದೆ. ಹುಡುಗ ಮೂಲೆಯಲ್ಲಿ ಚೀಟಿ ಕಟ್ಟಿನಿಂದ ಒಂದೊಂದೇ ಟಿಕೆಟ್ ಹರಿದು ತಾಯಿಗೆ ಕೊಡುತ್ತಿದ್ದ.

ಹೊರಡುವಾಗ ತಂದೆ ಬಾಗಿಲ ಹತ್ತಿರ ನಿಂತು, "ಎಷ್ಟು ತಿಂಗಳಲ್ಲಿ ಸರಿಹೋಗುತ್ತೆ ಮೇಡಂ?" ಎಂದು ಕೇಳಿದರು.

"ಯಾವುದು?" ಎಂದೆ.

ಸ್ವಲ್ಪ ಹೊತ್ತು ಮಗನ ಕಡೆ ನೋಡಿದರು. ಆಮೇಲೆ, "ಮಾತು" ಎಂದರು.