ಎಡಗೈಲಿ ಅಣ್ಣ, ಬಲಗೈಲಿ ತಮ್ಮ

ಈ ದಸರಾ ರಜೆಯಲ್ಲಿ ರೆಡ್ ಡೆಡ್ ರಿಡೆಂಪ್ಷನ್ 2 ಅನ್ನುವ ವಿಡಿಯೋ ಗೇಮ್ ಆಡಿ ಮುಗಿಸಿದೆ. ಆಟ ಬಂದಿದ್ದು 2018ರಲ್ಲಿ, ಪಿಸಿಗೆ ಬಂದಿದ್ದು 2019ರಲ್ಲಿ. ತುಮಕೂರಿಂದ ಬೆಂಗಳೂರಿಗೆ ದಿನಾ ರೈಲಲ್ಲಿ ಓಡಾಡುವ ನನ್ನಂಥವರಿಗೆ ಇಷ್ಟು ದೊಡ್ಡ ಆಟ ಬೇಗ ಮುಗಿಯುವುದಿಲ್ಲ. ರಾತ್ರಿ ಮನೆ ಸೇರಿ, ಉಂಡು, ಕಂಪ್ಯೂಟರ್ ಮುಂದೆ ಕೂತರೆ ಕುದುರೆ ಹತ್ತುವಷ್ಟರಲ್ಲಿ ಕಣ್ಣು ಎಳೆಯುತ್ತದೆ. ಎಷ್ಟೋ ರಾತ್ರಿ ಕುದುರೆಯ ಮೈ ಉಜ್ಜಿ, ಒಂದು ಸುತ್ತು ಓಡಿಸಿ, ಮಲಗಿದ್ದೇನೆ. ಕಥೆ ಒಂದಿಂಚೂ ಮುಂದೆ ಹೋಗಿರುತ್ತಿರಲಿಲ್ಲ.

ಕಂಪ್ಯೂಟರ್ ನಾನೇ ಜೋಡಿಸಿದ್ದು. ಬಿಡಿಭಾಗಗಳೆಲ್ಲ ಬೆಂಗಳೂರಿನ ಎಸ್.ಪಿ. ರೋಡಿನವು, ಗ್ರಾಫಿಕ್ಸ್ ಕಾರ್ಡ್ ಸೆಕೆಂಡ್ ಹ್ಯಾಂಡ್. ಈ ಆಟಕ್ಕೆ 150 ಜಿಬಿ ಜಾಗ ಬೇಕು. ಅದಕ್ಕಾಗಿ ಅಕ್ಕನ ಮದುವೆ ವಿಡಿಯೋವನ್ನು ಹಳೆಯ ಹಾರ್ಡ್ ಡಿಸ್ಕಿಗೆ ಸಾಗಿಸಿದ್ದೆ. ಅಕ್ಕನಿಗೆ ಈ ವಿಷಯ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಕಥೆ 1899ರ ಅಮೆರಿಕದ್ದು. ಆರ್ಥರ್ ಮಾರ್ಗನ್ ಒಬ್ಬ ದರೋಡೆಕೋರ. ಡಚ್ ಅನ್ನುವವನು ಗುಂಪಿನ ನಾಯಕ, ಮಾತಿನಲ್ಲೇ ಮನೆ ಕಟ್ಟುವ ಆಸಾಮಿ. ಗುಂಪಿನವರು ಬಡ್ಡಿಗೆ ದುಡ್ಡು ಬಿಡುತ್ತಾರೆ, ವಸೂಲಿಗೆ ಆರ್ಥರ್ ಹೋಗುತ್ತಾನೆ. ಥಾಮಸ್ ಡೌನ್ಸ್ ಅನ್ನುವ ಬಡಪಾಯಿ ರೈತನ ಹೊಲಕ್ಕೂ ಹೋಗುತ್ತಾನೆ. ಆ ಮನುಷ್ಯ ಮೊದಲೇ ಕೆಮ್ಮುತ್ತಿರುತ್ತಾನೆ. ಅವನನ್ನು ಹೊಡೆಯಬೇಕು. ಹೊಡೆಯುವವನು ಆರ್ಥರ್, ಆದರೆ ಬಟನ್ ಒತ್ತಬೇಕಾದ್ದು ನಾನು. ಒತ್ತದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಸಿನಿಮಾದಲ್ಲಾದರೆ ಮುಖ ತಿರುಗಿಸಿ ಕೂರಬಹುದಿತ್ತು.

ಆ ಹೊತ್ತಿಗೆ ಅಮ್ಮ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದರು.

‘ಯಾಕೋ ಆ ರೋಗಿಷ್ಟನ್ನ ಹಂಗ್ ಬಡೀತಿದ್ದೀಯ?’

‘ಸಾಲ ತಗೊಂಡಿದ್ದಾನಮ್ಮ, ವಾಪಸ್ ಕೊಟ್ಟಿಲ್ಲ.’

‘ಓ, ಮೀಟರ್ ಬಡ್ಡಿಯೋರಾ!’

ಅಷ್ಟು ಸಾಕಾಯಿತು ಅವರಿಗೆ. ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದೇ ಬೇಡ. ಕಿರುಸಾಲ ವಸೂಲಿಯ ಕಿರುಕುಳ ತಡೆಯುವುದಕ್ಕೆ 2025ರ ಫೆಬ್ರವರಿಯಲ್ಲಿ ರಾಜ್ಯದಲ್ಲಿ ಸುಗ್ರೀವಾಜ್ಞೆಯೇ ಬಂತಲ್ಲ.

ಡೌನ್ಸ್ ಕೆಮ್ಮಿದಾಗ ರಕ್ತ ಆರ್ಥರ್ ಮುಖಕ್ಕೆ ಸಿಡಿಯುತ್ತದೆ. ಅವತ್ತು ನಾನದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಎಷ್ಟೋ ಕಾಲದ ಮೇಲೆ ಸೇಂಟ್ ಡೆನಿಸ್ ಪಟ್ಟಣದ ಬೀದಿಯಲ್ಲಿ ಆರ್ಥರ್ ಕೆಮ್ಮಿ ಕೆಮ್ಮಿ ಬಿದ್ದುಬಿಡುತ್ತಾನೆ. ಡಾಕ್ಟರು ಕ್ಷಯ ಅನ್ನುತ್ತಾರೆ. ಬೆಚ್ಚಗಿನ ಒಣ ಹವೆ ಇರುವ ಕಡೆ ಹೋಗಿ ಆರಾಮಾಗಿರು ಅನ್ನುತ್ತಾರೆ. 1899ರಲ್ಲಿ ಇನ್ನೇನು ಹೇಳಲು ಸಾಧ್ಯ? ರಾಬರ್ಟ್ ಕಾಕ್ ಈ ರೋಗಾಣುವನ್ನು 1882ರಲ್ಲೇ ಗುರುತಿಸಿದ್ದ. ಅದನ್ನು ಹೊಡೆಯುವ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ರೋಗ ಯಾವುದರಿಂದ ಅಂತ ಗೊತ್ತು, ಮದ್ದು ಇಲ್ಲ. ಆ ನಡುವಿನ ಕಾಲದಲ್ಲಿ ಸಿಕ್ಕಿಕೊಂಡವನು ಆರ್ಥರ್.

‘ನಿಮ್ಮ ದೊಡ್ಡಪ್ಪನೂ ಹಿಂಗೇ ಕೆಮ್ಮೋರು’ ಅಂದರು ಅಮ್ಮ. ಹೌದು, ದೊಡ್ಡಪ್ಪನಿಗೆ ಟಿಬಿ ಆಗಿತ್ತು. ನಾನಾಗ ಚಿಕ್ಕವನು. ಅವರ ಲೋಟ ಬೇರೆ ಇಡುತ್ತಿದ್ದುದು ನೆನಪಿದೆ. ಆರು ತಿಂಗಳು ಒಂದೂ ತಪ್ಪಿಸದೆ ಮಾತ್ರೆ ನುಂಗಿದರು. ಈಗ ಬೆಳಿಗ್ಗೆ ಅಮಾನಿಕೆರೆಯಲ್ಲಿ ನನಗಿಂತ ಜೋರಾಗಿ ವಾಕ್ ಮಾಡುತ್ತಾರೆ. ಆರ್ಥರ್ ಕುದುರೆ ಮೇಲೆ ಕೂತು ಕೆಮ್ಮುವಾಗೆಲ್ಲ ನನಗೆ ಸಂಕಟವಾಗುತ್ತಿದ್ದುದು ಇದಕ್ಕೇ. ಆರು ತಿಂಗಳ ಮಾತ್ರೆಗೆ ಹೋಗುವ ರೋಗ ಮಾರಾಯ, ಸ್ವಲ್ಪ ತಡವಾಗಿ ಹುಟ್ಟಬಾರದಿತ್ತಾ!

ಕೊನೆ ಹೇಳಿಬಿಡುತ್ತೇನೆ, ಇಷ್ಟು ಹಳೆಯ ಆಟಕ್ಕೆ ಗುಟ್ಟು ಎಂಥದ್ದು. ಆರ್ಥರ್ ಸಾಯುತ್ತಾನೆ. ಸ್ವಲ್ಪ ಒಳ್ಳೆಯವನಾಗಿ ಆಡಿದ್ದರೆ ಬೆಟ್ಟದ ಮೇಲೆ, ಸೂರ್ಯ ಹುಟ್ಟುವುದನ್ನು ನೋಡುತ್ತಾ ಸಾಯುತ್ತಾನೆ. ಅದನ್ನು ತಡೆದುಕೊಂಡೆ. ತಡೆಯಲಾಗದ್ದು ಅದಕ್ಕೂ ಮುಂಚೆ ಕುದುರೆ ಸತ್ತಾಗ. ನನ್ನ ಕುದುರೆಗೆ ಕೆಂಪ ಅಂತ ಹೆಸರಿಟ್ಟಿದ್ದೆ. ಕಥೆ ಮುಂದೆ ಹೋಗದ ಆ ರಾತ್ರಿಗಳಲ್ಲಿ ಮೈ ಉಜ್ಜಿದ್ದು ಇದೇ ಕೆಂಪನದ್ದು. ಸುಮ್ನೆ ಹಾಳಾಯಿತು ಅಂದುಕೊಂಡಿದ್ದ ಅಷ್ಟೂ ಹೊತ್ತು ಆಗ ಎದೆಗೆ ಬಂದು ಒದೆಯಿತು.

ಇಷ್ಟೆಲ್ಲ ಹೊಗಳಿದರೂ ಒಂದು ತಕರಾರಿದೆ. ಇಷ್ಟು ದೊಡ್ಡ ಕಾಡು, ಬಯಲು, ಊರು ಬಿಟ್ಟುಕೊಡುವ ಆಟ ಮಿಷನ್, ಅಂದರೆ ಕಥೆಯ ಒಂದೊಂದು ಕೆಲಸ, ಶುರುವಾದ ಕೂಡಲೇ ಹಳೆಯ ಕಾಲದ ಮೇಷ್ಟ್ರಾಗಿಬಿಡುತ್ತದೆ. ಹೇಳಿದ ದಾರಿ ಬಿಟ್ಟು ಸ್ವಲ್ಪ ಪಕ್ಕಕ್ಕೆ ಹೋದರೂ ಫೇಲ್. ಶುರುವಿನ ಹಿಮದ ಭಾಗವೂ ಎಳೆದಾಟ. ಇನ್ನು ಆರ್ಥರ್ ಸತ್ತ ಮೇಲೆ ಕಥೆ 1907ಕ್ಕೆ ಹೋಗುತ್ತದೆ. ಗುಂಪಿನ ಇನ್ನೊಬ್ಬ, ಜಾನ್, ದನ ಸಾಕುವ ಒಂದು ದೊಡ್ಡ ಫಾರ್ಮಿನಲ್ಲಿ ಕೂಲಿಗೆ ಸೇರಿ ಸಗಣಿ ಬಾಚುತ್ತಾನೆ, ಹಾಲು ಕರೆಯುತ್ತಾನೆ. ಗುಬ್ಬಿ ಹತ್ತಿರದ ಹಳ್ಳಿಯಲ್ಲಿ ದನ ಕಟ್ಟಿ ಬೆಳೆದ ಅಮ್ಮ ಇದನ್ನು ನೋಡಿ ಸೆರಗು ಬಾಯಿಗಿಟ್ಟು ನಕ್ಕರು. ‘ನಿಮ್ಮ ತಾತ ಕರೆದಾಗ ಒಂದು ದಿನ ಕೊಟ್ಟಿಗೆಗೆ ಬರಲಿಲ್ಲ. ಈಗ ದುಡ್ಡು ಕೊಟ್ಟು ಸಗಣಿ ಬಾಚ್ತೀಯಾ?’ ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಷ್ಟು ದೊಡ್ಡದು ಮುಗಿದ ಮೇಲೆ ಇನ್ನೊಂದು ದೊಡ್ಡದಕ್ಕೆ ಕೈ ಹಾಕಲು ಮನಸ್ಸಾಗಲಿಲ್ಲ. ರಿಯಾಯಿತಿಯಲ್ಲಿ ಕೊಂಡಿಟ್ಟಿದ್ದ ಸಣ್ಣ ಆಟಗಳನ್ನು ತೆಗೆದೆ. ಮೊದಲು 2016ರ ಫೈರ್‌ವಾಚ್. ಅಮೆರಿಕದ ವಯೋಮಿಂಗ್ ಕಾಡಿನ ಗೋಪುರದಲ್ಲಿ ಕೂತು ಕಾಳ್ಗಿಚ್ಚು ಕಾಯುವ ಹೆನ್ರಿ, ವಾಕಿಟಾಕಿಯಲ್ಲಿ ಮಾತಿಗೆ ಸಿಗುವ ಡೆಲೈಲಾ. ಬೇಸಿಗೆಯಲ್ಲಿ ದೇವರಾಯನದುರ್ಗದ ಕಡೆ ಕಾಡಿಗೆ ಬೆಂಕಿ ಬಿದ್ದ ಸುದ್ದಿ ಕೇಳಿ ಬೆಳೆದವನಿಗೆ ಆ ಕೆಲಸವೇ ಹಿಡಿಸಿತು. ಮಾತೂ ಚೆನ್ನ. ಕೊನೆ ಮಾತ್ರ ಸಪ್ಪೆ. ಏನೋ ದೊಡ್ಡ ಪಿತೂರಿ ಅಂತ ಹೆದರಿಸಿ, ಆಮೇಲೆ ಏನೂ ಇಲ್ಲ ಹೋಗು ಅಂದುಬಿಡುತ್ತದೆ. ಜೀವನ ಹಂಗೇ ಇರೋದು ಅಂತ ಸಮರ್ಥಿಸುವವರಿದ್ದಾರೆ. ಜೀವನ ನನಗೆ ರೈಲಲ್ಲೇ ಸಿಗುತ್ತದೆ, ಅದಕ್ಕೆ ಆಟ ಯಾಕೆ?

2017ರ ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್ ಬೇರೆಯೇ ಜಾತಿ. ಒಂದೇ ಮನೆತನದಲ್ಲಿ ಒಬ್ಬೊಬ್ಬರು ಹೇಗೆ ಸತ್ತರು ಅನ್ನುವ ಕಥೆಗಳು. ಅದರಲ್ಲಿ ಲೂಯಿಸ್ ಅನ್ನುವ ಹುಡುಗ ಮೀನಿನ ಕಾರ್ಖಾನೆಯಲ್ಲಿದ್ದಾನೆ. ಬಲಗೈಯಿಂದ ಒಂದೊಂದೇ ಮೀನನ್ನು ಎಳೆದು ಬ್ಲೇಡಿಗೆ ಕೊಡಬೇಕು. ಅದೇ ಹೊತ್ತಿಗೆ ಅವನ ತಲೆಯೊಳಗೆ ಒಂದು ರಾಜ್ಯ ಹುಟ್ಟುತ್ತದೆ. ಎಡಗೈಯಿಂದ ಅದರಲ್ಲಿ ನಡೆಯಬೇಕು. ರಾಜ್ಯ ಬೆಳೆದು ಬೆಳೆದು ತೆರೆ ತುಂಬಿಕೊಂಡರೂ ಬಲಗೈ ಮೀನು ಕತ್ತರಿಸುತ್ತಲೇ ಇರುತ್ತದೆ. ಗುಬ್ಬಿ ಕಡೆ ಅಡಿಕೆ ಸುಲಿಯುವ ಹೆಂಗಸರೂ ಹೀಗೆಯೇ, ಕೈ ಅದರ ಪಾಡಿಗೆ ಅದು, ಮಾತು ಯಾವುದೋ ಊರಿನ ಮದುವೆಯಲ್ಲಿ. ನನ್ನ ಕೈಗಳು ಕೆಲಸ ಹಂಚಿಕೊಂಡಿವೆ ಅಂತ ನನಗೆ ಗೊತ್ತಾದದ್ದೇ ತಡವಾಗಿ. ಯಾವ ಸಿನಿಮಾವೂ ನನ್ನ ಕೈಗೆ ಇಂಥದ್ದು ಮಾಡಿರಲಿಲ್ಲ.

ಅಷ್ಟರಲ್ಲಿ ಶಿರಾದಿಂದ ಅಕ್ಕನ ಮಗ ಬಂದ. ಎಂಟನೇ ಕ್ಲಾಸು. ಫೋನಲ್ಲಿ ಗುಂಡು ಹೊಡೆಯುವ ಆಟ ಬಿಟ್ಟರೆ ಅವನಿಗೆ ಬೇರೆ ಆಟವೇ ಇಲ್ಲ. ನಾನು ಆಡುವಾಗ ಪಕ್ಕದಲ್ಲಿ ಕೂತು, ಯಾರಾದರೂ ಮಾತಾಡಲು ಶುರು ಮಾಡಿದ ಕೂಡಲೇ ‘ಸ್ಕಿಪ್ ಮಾಡು ಮಾಮ’ ಅನ್ನುತ್ತಿದ್ದ.

ಅವನಿಗೂ ಅಮ್ಮನಿಗೂ ಸೇರಿಸಿ ವೆಣ್ಬಾ ಹಾಕಿದೆ. 2023ರಲ್ಲಿ ಬಂದಿದ್ದು, ಮಾಡಿದವರು ಟೊರೊಂಟೊದ ವಿಸೈ ಗೇಮ್ಸ್. 1980ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ದಂಪತಿ, ಅವರ ಮಗ ಕವಿನ್. ವೆಣ್ಬಾ ಅನ್ನುವುದು ತಾಯಿಯ ಹೆಸರು. ಅವಳ ಹತ್ತಿರ ಅವಳ ಅಮ್ಮ ಕೊಟ್ಟ ಅಡುಗೆ ಪುಸ್ತಕ ಇದೆ. ಹರಿದಿದೆ, ಅಲ್ಲಲ್ಲಿ ಅಕ್ಷರ ಅಳಿಸಿದೆ. ಕಾಣದ ಕಡೆ ನಾವೇ ಊಹಿಸಿ ಅಡುಗೆ ಮಾಡಬೇಕು. ಮೊದಲ ಅಡುಗೆ ಇಡ್ಲಿ.

ಇಡ್ಲಿ ತಟ್ಟೆಗಳನ್ನು ಹೇಗೆ ಜೋಡಿಸಬೇಕು ಅಂತ ನಾನು ಮೌಸ್ ಹಿಡಿದು ಯೋಚಿಸುತ್ತಿದ್ದರೆ ಅಮ್ಮನಿಗೆ ತಡೆಯಲಾಗಲಿಲ್ಲ. ‘ಒಂದು ಗುಳಿ ಮೇಲೆ ಇನ್ನೊಂದು ಗುಳಿ ಬರಬಾರ್ದು ಕಣೋ. ಹಬೆ ಎಲ್ಲಿಂದ ಬರುತ್ತೆ? ಮೇಲಿನ ತಟ್ಟೆ ತಿರುಗಿಸು.’ ಆಮೇಲೆ ಸ್ವಲ್ಪ ಜಂಬದಿಂದ, ‘ನಮ್ಮ ತಟ್ಟೆ ಇಡ್ಲಿಗಾದ್ರೆ ಈ ಫಜೀತಿನೇ ಇಲ್ಲ’ ಅಂದರು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು ಬೆಳೆದವರ ಮುಂದೆ ಬೇರೆ ಇಡ್ಲಿ ಬೇಯಿಸುವುದು ಕಷ್ಟವೇ. ಪುಟ್ಟು ಮಾಡುವಾಗಲೂ ಅಷ್ಟೇ, ಹಿಟ್ಟು ಎಷ್ಟು, ಕಾಯಿತುರಿ ಎಷ್ಟು ಅಂತ ಅವರದ್ದೇ ಕಾರುಬಾರು. ಮೌಸ್ ಮಾತ್ರ ಮುಟ್ಟಲಿಲ್ಲ. ನನ್ನ ಕೈ ಅವರಿಗೆ ಸಾಕಾಗಿತ್ತು.

ಇಂಗ್ಲಿಷ್ ಮಾತುಗಳನ್ನು ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಕವಿನ್ ದೊಡ್ಡವನಾಗುತ್ತಾನೆ, ಮನೆ ಭಾಷೆ ಬಿಡುತ್ತಾನೆ, ಮನೆ ಊಟ ಬಿಡುತ್ತಾನೆ, ದೂರ ಹೋಗುತ್ತಾನೆ. ತಾಯಿ ಮೆಸೇಜು ಕಳಿಸಿ ಕಾಯುತ್ತಾಳೆ. ‘ಒಂದು ಫೋನ್ ಮಾಡೋಕೆ ಏನು ಧಾಡಿ ಅವನಿಗೆ?’ ಅಂತ ಅಮ್ಮ ಬೈದರು. ರೈಲು ಲೇಟಾದ ದಿನ ನಾನು ಫೋನ್ ಮಾಡುವುದಿಲ್ಲ. ಬೈಗುಳ ಯಾರಿಗೆ ಅಂತ ನಾನು ಕೇಳಲಿಲ್ಲ.

ಹುಡುಗನಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ‘ಅಡುಗೆ ಆಟಾನಾ ಮಾಮ?’ ಅಂದ. ಆದರೆ ಮಾರನೇ ದಿನ ಅಜ್ಜಿ ಇಡ್ಲಿ ಪಾತ್ರೆ ಇಳಿಸುವಾಗ ಅಡುಗೆಮನೆಗೆ ಹೋಗಿ ತಟ್ಟೆ ಎಣಿಸಿ ಬಂದ.

ಅವನಿಗಾಗಿಯೇ ಬ್ರದರ್ಸ್ ತೆಗೆದೆ. 2013ರ ಆಟ. ನಿರ್ದೇಶಕ ಜೋಸೆಫ್ ಫಾರೆಸ್, ಸ್ವೀಡನ್ನಿನಲ್ಲಿ ಸಿನಿಮಾ ಮಾಡುತ್ತಿದ್ದವನು. ಇದರಲ್ಲಿ ಸ್ಕಿಪ್ ಮಾಡಲು ಮಾತೇ ಇಲ್ಲ. ಪಾತ್ರಗಳು ಆಡುವುದು ಯಾರಿಗೂ ಗೊತ್ತಿಲ್ಲದ, ಕಲ್ಪಿಸಿಕೊಂಡ ಭಾಷೆ. ಕಥೆ ಇಬ್ಬರು ಅಣ್ಣತಮ್ಮಂದಿರದ್ದು. ಅವರ ಅಮ್ಮ ನೀರಲ್ಲಿ ಮುಳುಗಿ ಸತ್ತಿದ್ದಾಳೆ. ಅಪ್ಪನಿಗೆ ಜೋರು ಕಾಯಿಲೆ. ಮದ್ದು ತರಲು ಅಣ್ಣತಮ್ಮಂದಿರು ಹೊರಡುತ್ತಾರೆ. ಎರಡೂ ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರಿನ ಎಡಭಾಗ ಅಣ್ಣನಿಗೆ, ಬಲಭಾಗ ತಮ್ಮನಿಗೆ. ಒಬ್ಬನೇ ಎರಡೂ ಕೈಯಲ್ಲಿ ಇಬ್ಬರನ್ನೂ ನಡೆಸಬೇಕು ಅನ್ನುವುದು ಮಾಡಿದವರ ಲೆಕ್ಕ. 2024ರಲ್ಲಿ ಬಂದ ಹೊಸ ರೂಪದಲ್ಲಿ ಇಬ್ಬರು ಆಡಲು ದಾರಿ ಮಾಡಿದ್ದಾರೆ. ನಮ್ಮದು ಹಳೆಯದು. ನಾವು ಒಂದೇ ಕಂಟ್ರೋಲರನ್ನು ಇಬ್ಬರೂ ಹಿಡಿದೆವು. ಎಡಭಾಗ ನನ್ನದು, ಬಲಭಾಗ ಅವನದು. ಭುಜಕ್ಕೆ ಭುಜ ಒತ್ತಿ ಕೂರಬೇಕಾಯಿತು. ಅವನು ಎಳೆದರೆ ನಾನು ವಾಲುತ್ತಿದ್ದೆ.

ಹುಡುಗ ಮೊದಲ ಸಲ ನಗಲು ಶುರು ಮಾಡಿದ್ದು ಪೊರಕೆಯಿಂದ. ಅಣ್ಣನ ಕೈಗೆ ಪೊರಕೆ ಸಿಕ್ಕರೆ ಅವನು ಗುಡಿಸುತ್ತಾನೆ, ತಮ್ಮನ ಕೈಗೆ ಸಿಕ್ಕರೆ ಅಂಗೈ ಮೇಲೆ ನಿಲ್ಲಿಸಿ ಆಟ ಆಡುತ್ತಾನೆ. ಇಬ್ಬರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಗೋಡೆ ಹತ್ತುವ ಕಡೆ ಎಷ್ಟೋ ಸಲ ಬಿದ್ದೆವು. ‘ಮಾಮ ಹಿಡ್ಕೋ, ಹಿಡ್ಕೋ! ಈಗ ಬಿಡು!’ ಅಂತ ಅವನು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ತಮ್ಮನಿಗೆ ನೀರೆಂದರೆ ಭಯ. ನದಿ ಬಂದಾಗ ಅಣ್ಣ ಈಜುತ್ತಾನೆ, ತಮ್ಮ ಅವನ ಬೆನ್ನಿಗೆ ಜೋತು ಬೀಳುತ್ತಾನೆ. ಆಗ ಹುಡುಗನಿಗೆ ತನ್ನ ಕಡೆಯ ಟ್ರಿಗರ್ ಬಟನ್ ಒತ್ತಿ ಹಿಡಿದುಕೊಂಡಿರುವುದೊಂದೇ ಕೆಲಸ.

ಕೊನೆಯ ಹತ್ತಿರ ಅಣ್ಣ ಸಾಯುತ್ತಾನೆ. ಅವನನ್ನು ಗುಂಡಿಗೆ ಎಳೆದು ಮಣ್ಣು ಮುಚ್ಚುವುದೂ ತಮ್ಮನ ಕೆಲಸ, ಅಂದರೆ ಅಕ್ಕನ ಮಗನ ಕೆಲಸ. ನನ್ನ ಎಡಭಾಗ ಸತ್ತು ಹೋಗಿತ್ತು. ಏನು ಒತ್ತಿದರೂ ಏನೂ ಇಲ್ಲ. ಕಂಟ್ರೋಲರ್ ಪೂರ್ತಿ ಅವನಿಗೆ ಕೊಡಲು ಹೋದೆ. ‘ಇರು ಮಾಮ, ಬಿಡಬೇಡ’ ಅಂದ.

ಮದ್ದು ಹಿಡಿದು ತಮ್ಮ ಒಬ್ಬನೇ ಊರ ಹತ್ತಿರ ಬರುತ್ತಾನೆ. ಮಳೆ, ಎದುರಿಗೆ ನೀರು. ಹುಡುಗ ಮುಂದೆ ನಡೆಸಿದ, ತಮ್ಮ ಹೆದರಿ ನಿಂತ. ಬಲಗಡೆ ಟ್ರಿಗರ್ ಒತ್ತಿದ, ಏನೂ ಆಗಲಿಲ್ಲ. ‘ಬಗ್ ಇದೆ ಮಾಮ, ರೀಸ್ಟಾರ್ಟ್ ಮಾಡು’ ಅಂದ. ಎಡಗಡೆಯದನ್ನು ಒತ್ತಬೇಕು ಅಂತ ನಾನು ಎಲ್ಲೋ ಕೇಳಿದ್ದೆ. ಆದರೆ ಅದು ನನ್ನ ಬೆರಳ ಕೆಳಗೇ ಇರುತ್ತದೆ ಅಂತ ಯೋಚಿಸಿರಲಿಲ್ಲ. ಒತ್ತಿದೆ. ತಮ್ಮ ನೀರಿಗಿಳಿದು ಈಜಲು ಶುರು ಮಾಡಿದ.

ಹುಡುಗ ನನ್ನ ಕೈ ನೋಡಿದ. ‘ನೀನಾ?’ ಅಂದ.

‘ಅಣ್ಣನ ಬಟನ್ನು’ ಅಂದೆ.

‘ಅವನು ಸತ್ತೋಗಿದ್ದಾನಲ್ಲ.’

‘ಹೂಂ.’

ಮನೆ ಮುಟ್ಟುವವರೆಗೂ ಅವನು ನನ್ನ ಬೆರಳ ಮೇಲೆ ತನ್ನ ಬೆರಳಿಟ್ಟುಕೊಂಡೇ ಆಡಿದ. ಸರಿಯಾಗಿ ಒತ್ತುತ್ತಿದ್ದೇನಾ ಅಂತ ನನ್ನ ಮೇಲೆ ನಂಬಿಕೆ ಇಲ್ಲದೆ ಇರಬಹುದು. ಅಳಲಿಲ್ಲ. ಆಟ ಮಾಡಿದವರ ಹೆಸರುಗಳು ತೆರೆಯ ಮೇಲೆ ಹೋಗುತ್ತಿರುವಾಗ ಮಾತ್ರ ಮೊದಲ ಸಲ ಸ್ಕಿಪ್ ಅನ್ನಲಿಲ್ಲ. ಆಮೇಲೆ ಕಂಟ್ರೋಲರನ್ನು ತಿರುಗಿಸಿ ಎಡಗಡೆಗೆ ಬಂದು ಕೂತ. ‘ಇನ್ನೊಂದ್ಸಲ ಆಡೋಣ. ಈ ಸಲ ನಾನು ಅಣ್ಣ.’

ಅಣ್ಣನಾದ ಕೂಡಲೇ ಜೋರು ಜಾಸ್ತಿಯಾಯಿತು. ‘ಬೇಗ ಬಾ, ಪೊರಕೆ ಇಡು, ಕುರಿ ಹಿಂದೆ ಹೋಗ್ಬೇಡ’ ಅಂತ ನನಗೇ ಬೈಯತೊಡಗಿದ. ಅರ್ಧ ಆಗುವಷ್ಟರಲ್ಲಿ ಶಿರಾಕ್ಕೆ ಹೊರಡುವ ಹೊತ್ತಾಯಿತು. ದೀಪಾವಳಿಗೆ ಬರ್ತೀನಿ, ಅಲ್ಲೀವರೆಗೂ ಮುಟ್ಟಬಾರದು ಅಂತ ಹೇಳಿ ಹೋಗಿದ್ದಾನೆ. ಆಟ ಎಲ್ಲಿಗೆ ನಿಂತಿದೆ ಅಂತ ತೋರಿಸುವ ಸೇವ್ ಫೈಲಿನ ಫೋಟೋ ಬೇರೆ ಹೊಡೆದುಕೊಂಡಿದ್ದಾನೆ, ನಾನು ಮೋಸ ಮಾಡಿದರೆ ಹಿಡಿಯಲು.