ಸೀರೆ ತಿರುವಿ ತೋರಿಸಿದ ಹಾಗೆ

ಗದಗದ ಒಂದು ಪ್ರೆಸ್ಸಿನಲ್ಲಿ ನಾನು ಒಂಬತ್ತು ವರ್ಷ ಡಿಟಿಪಿ ಕೆಲಸ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಮಾಡೋ ಕೆಲಸ ಮಾಡಿದೆ. ಲಗ್ನಪತ್ರಿಕೆ, ಕ್ಯಾಲೆಂಡರ್, ಜಾತ್ರೆಯ ಕರಪತ್ರ, ಬಿಲ್ ಬುಕ್, ಆಮೇಲೆ ಪುಸ್ತಕಗಳು. ಎಷ್ಟು ಮಾಡಿದೆ ಅನ್ನೋ ಲೆಕ್ಕ ನನ್ನ ಹತ್ತಿರ ಇಲ್ಲ. 2021ರಲ್ಲಿ ಬೆಂಗಳೂರಿನ ಒಂದು ಪ್ರಕಾಶನದವರಿಗೆ ಪುಸ್ತಕದ ಪುಟ ವಿನ್ಯಾಸ ಮಾಡೋರು ಬೇಕಾಗಿದ್ದಾರೆ ಅಂತ ಗೊತ್ತಾಯಿತು. ಫೋನ್ ಮಾಡಿದೆ. ಆ ಕಡೆಯ ಮೇಡಂ ಅನುಭವ ಎಷ್ಟು, ಸಂಬಳ ಎಷ್ಟು ಅಂತ ಏನೂ ಕೇಳಲಿಲ್ಲ. "ಪೋರ್ಟ್‌ಫೋಲಿಯೋ ಇದ್ದರೆ ಕಳಿಸಿ" ಅಂದರು, ಅಷ್ಟೇ. ಅಂದರೆ ನಾನು ಮಾಡಿದ ಕೆಲಸದ ಮಾದರಿಗಳನ್ನು ಒಂದೆಡೆ ಜೋಡಿಸಿದ್ದು.

ಎರಡು ರಾತ್ರಿ ಕೂತು ಮಾಡಿದೆ. ಮೊಬೈಲಿನಲ್ಲಿದ್ದ ಫೋಟೋ, ಹಳೇ ಸಿಡಿಗಳಲ್ಲಿದ್ದ ಕೋರೆಲ್ ಡ್ರಾ ಸಾಫ್ಟ್‌ವೇರಿನ ಫೈಲು, ವಾಟ್ಸಾಪಿನಲ್ಲಿ ಗಿರಾಕಿಗಳಿಗೆ ಕಳಿಸಿದ್ದ ಪ್ರೂಫು, ಸಿಕ್ಕಿದ್ದೆಲ್ಲ ಸೇರಿಸಿ 64 ಪುಟದ ಪಿಡಿಎಫ್. ಜಿಮೇಲ್ 25 ಎಂಬಿಗಿಂತ ಜಾಸ್ತಿ ಅಂಟಿಸೋಕೆ ಬಿಡೋದಿಲ್ಲ, ಹಾಗಾಗಿ ಗೂಗಲ್ ಡ್ರೈವಿಗೆ ಹಾಕಿ ಲಿಂಕ್ ಕಳಿಸಿದೆ. ಲಿಂಕನ್ನು ಎಲ್ಲರಿಗೂ ತೆರೆದಿಡೋದು ಮರೆತಿದ್ದೆ. ಅವರು ಅನುಮತಿ ಕೇಳಿ, ನಾನು ಅದನ್ನು ನೋಡಿ ಒಪ್ಪಿಗೆ ಒತ್ತುವ ಹೊತ್ತಿಗೆ ಎರಡು ದಿನ ಕಳೆದಿತ್ತು. ಆಮೇಲೆ ಅವರೇ ಫೋನ್ ಮಾಡಿ ಕೇಳಿದರು: "ಎಲ್ಲ ನೋಡಿದೆ, ಚೆನ್ನಾಗಿದೆ. ಆದರೆ ಇದರಲ್ಲಿ ನೀವು ಮಾಡಿದ್ದು ಯಾವುದು?"

ಉತ್ತರ ಬಾಯಿಗೆ ಬರಲಿಲ್ಲ. ಮುಖಪುಟದ ಚಿತ್ರ ಕಲಾವಿದರದ್ದು. ಲಗ್ನಪತ್ರಿಕೆಯ ಅಂಚು ಪ್ರೆಸ್ಸಿನಲ್ಲಿ ಮೊದಲಿಂದ ಇದ್ದ ಫೈಲು. ಫೋಟೋ ಇನ್ಯಾರೋ ತೆಗೆದಿದ್ದು. ಹಾಗಾದರೆ ನಾನು ಒಂಬತ್ತು ವರ್ಷ ಮಾಡಿದ್ದೇನು? ಮಾಡಿದ್ದು ಬಹಳ ಇತ್ತು. ಅದು ಆ 64 ಪುಟದಲ್ಲಿ ಎಲ್ಲೂ ಕಾಣುತ್ತಿರಲಿಲ್ಲ, ಅಷ್ಟೇ. ಆ ಕೆಲಸ ಸಿಗಲಿಲ್ಲ.

ನಮ್ಮ ವೈನಿ, ಅಂದರೆ ಅತ್ತಿಗೆ, ಕಸೂತಿ ಹಾಕುತ್ತಾರೆ. ಇಳಕಲ್ ಸೀರೆಗೆ, ಕುಬಸಕ್ಕೆ, ಈಗೀಗ ಕುರ್ತಾಕ್ಕೂ. ಬಟ್ಟೆ ಮೇಲೆ ಗೆರೆ ಎಳೆಯೋದಿಲ್ಲ, ಎಳೆ ಎಣಿಸಿಕೊಂಡೇ ಗೋಪುರ, ತೇರು, ಆನೆ ಎಲ್ಲ ಮೂಡಿಸುತ್ತಾರೆ. ಒಂದು ದಿನ ಹುಬ್ಬಳ್ಳಿಯಿಂದ ಒಬ್ಬರು ಮಗಳ ಮದುವೆಯ ಸೀರೆಯನ್ನು ಕಸೂತಿಗೆ ಕೊಡೋಕೆ ಅಂತ ಮನೆಗೆ ಬಂದಿದ್ದರು. ವೈನಿ ತಾವು ಮುಗಿಸಿದ್ದ ಒಂದು ಸೀರೆ ತಂದು ಸೆರಗು ಹರಡಿದರು. ಬಂದವರು ಛಂದ ಐತಿ ಅಂತ ಮೇಲಿಂದ ನೋಡುತ್ತಿದ್ದರು. ವೈನಿ ಸೆರಗನ್ನು ತಿರುವಿ ಹಾಕಿ ಹೇಳಿದರು: "ಹಿಂದ ನೋಡ್ರಿ. ಎಲ್ಲೂ ಗಂಟು ಇರಬಾರದು." ಗವಂತಿ, ಮುರ್ಗಿ ಹೊಲಿಗೆ ಎರಡೂ ಕಡೆ ಒಂದೇ ಥರ ಕಾಣಬೇಕು. ದಾರ ಹೋದ ದಾರಿಯಲ್ಲೇ ವಾಪಸ್ ಬಂದು ಬಿಟ್ಟ ಜಾಗ ತುಂಬಿಕೊಂಡು ಬರುತ್ತದೆ. ಬಂದವರು ಬೆರಳಾಡಿಸಿ ನೋಡಿದರು, ಮರುಮಾತಿಲ್ಲದೆ ಮುಂಗಡ ಕೊಟ್ಟರು.

ನಾನು ಅಲ್ಲೇ ಚಹಾ ಕುಡಿಯುತ್ತಾ ಕೂತಿದ್ದೆ. ನಾನು ಕಳಿಸಿದ 64 ಪುಟವೂ ಬರೀ ಮೇಲ್ಭಾಗ ಅಂತ ಅವತ್ತು ಹೊಳೆಯಿತು.

ಮತ್ತೆ ಶುರು ಮಾಡಿದೆ. ಈ ಸಲ ಎಂಟೇ ಕೆಲಸ ಆರಿಸಿಕೊಂಡೆ. ಅದರಲ್ಲಿ ಒಂದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಅದು ಡೆಮಿ 1/8 ಅಳತೆಯ ಒಂದು ಆತ್ಮಕಥೆ. ನನ್ನ ಕೈಗೆ ಬರುವಾಗ ಅಕ್ಷರ 12 ಪಾಯಿಂಟ್, ಸಾಲಿನಿಂದ ಸಾಲಿಗೆ 14.4. ಯಾಕೆ 14.4 ಅಂದರೆ ಸಾಫ್ಟ್‌ವೇರು ತಾನಾಗೇ ಅಕ್ಷರದ ಅಳತೆಯ 120 ಪರ್ಸೆಂಟ್ ಇಟ್ಟುಕೊಳ್ಳುತ್ತದೆ. ಇಂಗ್ಲಿಷಿಗೆ ಅದು ಸಾಕು. ಕನ್ನಡಕ್ಕೆ ಸಾಲೋದಿಲ್ಲ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಮೇಲಿನ ಸಾಲಿನ "ರಾಷ್ಟ್ರ"ದ ಒತ್ತುಗಳು ಕೆಳಗಿನ ಸಾಲಿನ "ಕೀರ್ತಿ"ಯ ಗುಡಿಸಿಗೆ ಹೋಗಿ ತಾಗುತ್ತಿದ್ದವು. ಓದೋರಿಗೆ ಏನು ತೊಂದರೆ ಅಂತ ಗೊತ್ತಾಗೋದಿಲ್ಲ, ನಾಲ್ಕು ಪುಟಕ್ಕೆ ಕಣ್ಣು ಸೋತು ಪುಸ್ತಕ ಕೆಳಗಿಡುತ್ತಾರೆ.

ಸಾಲಿನ ಅಂತರ 17 ಮಾಡಿದೆ. ನೋಡೋಕೆ ಹಾಯಾಯಿತು, ಆದರೆ 160 ಪುಟದ ಪುಸ್ತಕ 190ರ ಹತ್ತಿರ ಹೋಯಿತು. 16 ಪುಟಕ್ಕೆ ಒಂದು ಫಾರ್ಮಾ ಅಂದರೆ ಹತ್ತು ಫಾರ್ಮಾ ಇದ್ದದ್ದು ಹನ್ನೆರಡಾಗುತ್ತದೆ. ಪ್ರಕಾಶಕರು ಕಾಗದದ ಖರ್ಚು ಕೇಳಿ ಒಪ್ಪಲಿಲ್ಲ, ಅವರ ಕಡೆಯಿಂದ ಅದು ಸರಿಯೇ. ಆಮೇಲೆ ಅಕ್ಷರ 11, ಅಂತರ 16 ಇಟ್ಟು ನೋಡಿದೆ. ಅಕ್ಷರ ಸ್ವಲ್ಪ ಚಿಕ್ಕದಾಗಿದ್ದಕ್ಕೆ ಸಾಲಿಗೆ ಜಾಸ್ತಿ ಪದ ಕೂತವು, ಅಂತರಕ್ಕೆ ಹೋದ ಜಾಗ ಹೆಚ್ಚುಕಡಿಮೆ ಅಲ್ಲೇ ವಾಪಸ್ ಸಿಕ್ಕಿತು. ಕೆಳಗಿನ ಅಂಚು ಒಂಚೂರು ಕಡಿಮೆ ಮಾಡಿದಾಗ ಸರಿಯಾಗಿ 160ಕ್ಕೆ ನಿಂತಿತು. ಒತ್ತು ಎಲ್ಲೂ ತಾಗಲಿಲ್ಲ.

ಹೊಸ ಪೋರ್ಟ್‌ಫೋಲಿಯೋದಲ್ಲಿ ಈ ಪುಸ್ತಕದ ಮುಖಪುಟವೇ ಇಲ್ಲ. ಒಂದೇ ಪುಟದ ಮೂರು ರೂಪ ಪಕ್ಕಪಕ್ಕ ಇಟ್ಟಿದ್ದೇನೆ, ಒತ್ತು ತಾಗಿದ ಜಾಗ ದೊಡ್ಡದು ಮಾಡಿ ತೋರಿಸಿದ್ದೇನೆ, ಕೆಳಗೆ ಐದು ಸಾಲು ಬರೆದಿದ್ದೇನೆ: ತೊಂದರೆ ಏನಿತ್ತು, ಏನು ಮಾಡಿ ನೋಡಿದೆ, ಯಾಕೆ ಅದು ಆಗಲಿಲ್ಲ, ಕೊನೆಗೆ ಯಾವುದು ನಿಂತಿತು, ಚಿತ್ರ ಮತ್ತು ಮುಖಪುಟ ಬೇರೆಯವರದು. ಈ ಕೊನೆಯ ಸಾಲು ಬರೆಯೋಕೆ ಹಿಂಜರಿಯಬೇಡಿ. ನಿಮ್ಮದಲ್ಲದ್ದು ಯಾವುದು ಅಂತ ನೀವೇ ಹೇಳಿದರೆ ನಿಮ್ಮದು ಯಾವುದು ಅನ್ನೋದನ್ನು ಜನ ಧೈರ್ಯವಾಗಿ ನಂಬುತ್ತಾರೆ.

ಇನ್ನೊಂದು ಹಾಳೆಯಲ್ಲಿ ಎರಡೇ ಪದ ಇದೆ. ಒಂದು ಶಾಲೆಯ ಬ್ಯಾನರಿಗೆ "ರ‍್ಯಾಂಕ್" ಅಂತ ಹಾಕಬೇಕಿತ್ತು, ಟೈಪ್ ಮಾಡಿದರೆ "ರ್ಯಾಂಕ್" ಅಂತ ಅರ್ಕಾವತ್ತು ಬಂದು ಕೂರುತ್ತಿತ್ತು. "ಸೂರ್ಯ"ಕ್ಕೆ ಅದು ಬೇಕು, ಇಲ್ಲಿಗೆ ಬೇಡ. ಯೂನಿಕೋಡಿನಲ್ಲಿ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತದ ಪದ್ಧತಿ) ರ ಆದಮೇಲೆ ಕಣ್ಣಿಗೆ ಕಾಣದ ಒಂದು ಕೂಡಿಸುವ ಚಿಹ್ನೆ ಇಟ್ಟರೆ ಸರಿಯಾಗುತ್ತದೆ. ಸಣ್ಣ ವಿಷಯ ಅಲ್ವಾ? ಆದರೆ ಆಮೇಲೆ ನನ್ನನ್ನು ಕೆಲಸಕ್ಕೆ ಕರೆದವರಲ್ಲಿ ಮೂವರು ಮೊದಲು ಕೇಳಿದ್ದು ಈ ಹಾಳೆ ಬಗ್ಗೆಯೇ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಪಿಡಿಎಫ್ 10 ಎಂಬಿ ದಾಟೋದು ಬೇಡ, ಜನ ಮೊಬೈಲಿನಲ್ಲೇ ತೆರೆಯೋದು. ಲಿಂಕ್ ಕಳಿಸುವ ಮುಂಚೆ ಬೇರೆಯವರ ಫೋನಿನಲ್ಲಿ ಒಂದು ಸಲ ತೆರೆದು ನೋಡಿ. ಬಿಹಾನ್ಸ್‌ನಲ್ಲಿ (ವಿನ್ಯಾಸ ಮಾಡೋರು ತಮ್ಮ ಕೆಲಸ ತೋರಿಸುವ ಜಾಲತಾಣ) ದುಡ್ಡಿಲ್ಲದೆ ಹಾಕಬಹುದು, ಅದೂ ಇರಲಿ, ಆದರೆ ನಮ್ಮ ಕಡೆ ಪ್ರಕಾಶಕರು, ಪ್ರೆಸ್ಸಿನವರು ಈಗಲೂ ವಾಟ್ಸಾಪಿನಲ್ಲಿ ಪಿಡಿಎಫ್ ಕೇಳುತ್ತಾರೆ. ಅಚ್ಚಾದ ಪುಸ್ತಕದ ಫೋಟೋ ತೆಗೆಯೋದಾದರೆ ಬೆಳಗ್ಗೆ ಕಿಟಕಿ ಹತ್ತಿರ, ಫ್ಲ್ಯಾಶ್ ಇಲ್ಲದೆ. ಮುಖಪುಟಕ್ಕೆ ಹೊಳಪಿನ (ಗ್ಲಾಸಿ) ಲ್ಯಾಮಿನೇಶನ್ ಇದ್ದರೆ ಟ್ಯೂಬ್‌ಲೈಟ್ ಹಾಗೇ ಅದರೊಳಗೆ ಕಾಣುತ್ತದೆ. ಇನ್ನು ಹಳೇ ನುಡಿ ಫಾಂಟಿನ ಫೈಲುಗಳಿದ್ದರೆ ಈಗಲೇ ಯೂನಿಕೋಡಿಗೆ ಬದಲಿಸಿಟ್ಟುಕೊಳ್ಳಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನಿಮ್ಮ ಅಷ್ಟೂ ವರ್ಷದ ಕೆಲಸ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ನನ್ನ ಎರಡು ಒಳ್ಳೇ ಪುಸ್ತಕಗಳ ಒಳಪುಟ ಹಾಗೇ ಹೋದವು, ಈಗಲೂ ಬೇಜಾರಿದೆ.

ಲಗ್ನಪತ್ರಿಕೆ ತೋರಿಸುವಾಗ ಮಾತ್ರ ದಯವಿಟ್ಟು ಹುಷಾರು. ಅದರಲ್ಲಿ ಒಂದು ಮನೆತನದ ಹೆಸರುಗಳೆಲ್ಲ ಇರುತ್ತವೆ, ಊರು, ಫೋನ್ ನಂಬರು ಸಮೇತ. ನಾನು ಎಲ್ಲ ಹೆಸರು ಬದಲಿಸಿ, ನಂಬರು ತೆಗೆದು ಹಾಕಿದ್ದೇನೆ. ಇನ್ನೂ ಬಿಡುಗಡೆಯಾಗದ ಪುಸ್ತಕದ ಪುಟವನ್ನಂತೂ ಕೇಳದೆ ತೋರಿಸಲೇಬಾರದು.

"ನನಗೆ ಗಿರಾಕಿಗಳೇ ಇಲ್ಲ, ಏನು ಹಾಕಲಿ" ಅಂತ ಕಾಲೇಜು ಮುಗಿಸಿದ ಮಕ್ಕಳು ಕೇಳುತ್ತಾರೆ. ನಿಮ್ಮ ಊರಿನ ಬಸ್ ಸ್ಟ್ಯಾಂಡಿಗೆ ಹೋಗಿ ವೇಳಾಪಟ್ಟಿ ಬೋರ್ಡು ನೋಡಿ. ಓದೋಕೆ ಬರದ ಅಜ್ಜಿಯೊಬ್ಬರು ಪಕ್ಕದವರನ್ನು ಏನು ಕೇಳುತ್ತಾರೆ ಅಂತ ಅರ್ಧ ಗಂಟೆ ನಿಂತು ಕೇಳಿಸಿಕೊಳ್ಳಿ. ಮನೆಗೆ ಬಂದು ಆ ಬೋರ್ಡನ್ನು ಹೊಸದಾಗಿ ಮಾಡಿ, ಅಭ್ಯಾಸಕ್ಕೆ ಮಾಡಿದ್ದು ಅಂತ ಸ್ಪಷ್ಟವಾಗಿ ಬರೆದು ಹಾಕಿ. ಸುಮ್ನೆ ಇಲ್ಲದ ಕಂಪನಿಗೆ ಹತ್ತು ಲೋಗೋ ಮಾಡೋದಕ್ಕಿಂತ ಇದರಲ್ಲಿ ನಿಮ್ಮ ತಲೆ ಹೇಗೆ ಓಡುತ್ತದೆ ಅನ್ನೋದು ಚೆನ್ನಾಗಿ ಗೊತ್ತಾಗುತ್ತದೆ.

ಹೋದ ತಿಂಗಳು ಗದಗಿಗೆ ಹೋದಾಗ ಹಳೇ ಪ್ರೆಸ್ಸಿನ ಆಫ್‌ಸೆಟ್ ಮಷಿನ್ ಹುಡುಗ ಸಿಕ್ಕಿದ. ಹೆಲ್ಪರ್ ಆಗಿ ಸೇರಿದವನು, ಈಗ ನಾಲ್ಕು ಬಣ್ಣದ ಮಷಿನ್ ಪೂರ್ತಿ ಅವನೇ ನಡೆಸುತ್ತಾನೆ. "ಅಣ್ಣಾ, ನಿಮ್ದು ಡಿಸೈನ್ ಕೆಲಸ, ತೋರಸಾಕ ಬರತೈತಿ. ನಾ ಏನ್ ತೋರಸ್ಲಿ? ಮಷಿನ್ ಹೊತ್ಕೊಂಡು ಹೋಗ್ಲೇನು?" ಅಂದ. ಅವನು ನಗುತ್ತಲೇ ಕೇಳಿದ್ದು, ಆದರೆ ನನಗೆ ರಾತ್ರಿಯೆಲ್ಲ ಆ ಪ್ರಶ್ನೆ ಬಿಡಲಿಲ್ಲ.

ಮರುದಿನ ಭಾನುವಾರ, ಮಾಲಕರನ್ನು ಕೇಳಿಕೊಂಡು ಇಬ್ಬರೂ ಪ್ರೆಸ್ಸಿಗೆ ಹೋದೆವು. ರದ್ದಿ ಮೂಲೆಯಲ್ಲಿ ವೇಸ್ಟ್ ಶೀಟುಗಳ ಗುಡ್ಡೆ ಇತ್ತು. ಒಂದು ಕ್ಯಾಲೆಂಡರ್ ಕೆಲಸದ ಶೀಟುಗಳನ್ನು ಅವನು ಒಂದೊಂದಾಗಿ ಹೆಕ್ಕಿ ತೆಗೆದ. ಮೊದಲನೆಯದರಲ್ಲಿ ಕೆಂಪು ಬಣ್ಣ ಕೂದಲೆಳೆಯಷ್ಟು ಆಚೆ ಸರಿದು ದೇವಿಯ ಕಣ್ಣು ಎರಡೆರಡು ಕಾಣುತ್ತಿತ್ತು. ಎರಡನೆಯದರಲ್ಲಿ ಬಣ್ಣ ಕೂತಿದೆ, ಆದರೆ ಪ್ಲೇಟಿನ ಖಾಲಿ ಜಾಗಕ್ಕೆ ಇಂಕು ಹಿಡಿಯದಂತೆ ತಡೆಯೋ ನೀರು ಕಡಿಮೆಯಾಗಿ ಬಿಳಿ ಇರಬೇಕಾದ ಕಡೆಯೂ ಇಂಕು ಹಿಡಿದಿದೆ. ಮೂರನೆಯದರಲ್ಲಿ ನೀರು ಜಾಸ್ತಿಯಾಗಿ ಎಲ್ಲ ತೆಳು. ನಾಲ್ಕನೆಯದು ಸರಿಯಾದ ಶೀಟು. ಒಂದೊಂದಕ್ಕೂ ತಾನು ಏನು ತಿರುಗಿಸಿದೆ, ಯಾಕೆ ತಿರುಗಿಸಿದೆ ಅಂತ ಅವನು ಹೇಳುತ್ತಾ ಹೋದ, ನಾನು ಅವನ ಮಾತಿನಲ್ಲೇ ಬರೆದುಕೊಂಡೆ. ದೇವಿಯ ಎಡಗಣ್ಣಿನ ಮೇಲೆ ಸಣ್ಣ ಭೂತಗನ್ನಡಿ ಇಟ್ಟು, ಅದಕ್ಕೆ ಮೊಬೈಲ್ ಕ್ಯಾಮೆರಾ ಹಿಡಿದು ನಾಲ್ಕೂ ಶೀಟಿನ ಬಣ್ಣದ ಚುಕ್ಕಿಗಳ ಫೋಟೋ ತೆಗೆದೆವು. ನಾಲ್ಕು ಪುಟ, ನಾಲ್ಕು ಕಣ್ಣು, ಕೆಳಗೆ ಅವನ ಮಾತು, 3 ಎಂಬಿ.

ಹುಬ್ಬಳ್ಳಿಯ ಒಂದು ಪ್ರೆಸ್ಸಿಗೆ ಕಳಿಸಿದ. ಸೋಮವಾರ ಬಂದು ಒಂದು ದಿನ ಮಷಿನ್ ಮೇಲೆ ನಿಂತು ತೋರಿಸು ಅಂದಿದ್ದಾರಂತೆ. ನಿನ್ನೆ ರಾತ್ರಿ ಫೋನ್ ಮಾಡಿ, ಆ ನಾಲ್ಕು ಶೀಟುಗಳನ್ನೂ ಸುತ್ತಿಕೊಂಡು ಹೋಗಲೇನು ಅಂತ ಕೇಳಿದ. ಮೊದಲನೆಯದನ್ನೇ ಮೇಲೆ ಇಟ್ಟುಕೊಂಡು ಹೋಗು ಅಂದೆ.