ಮುದುಕಿಯ ಮನೆಯಲ್ಲಿ ಶುಕ್ಷಿನ್

ಇಂದು ಮಧ್ಯಾಹ್ನ ಊಟ ಮಾಡುತ್ತ ವಸೀಲಿ ಶುಕ್ಷಿನ್ ಅವರ ರಷ್ಯನ್ ಸಿನಿಮಾ 'ಕಲಿನಾ ಕ್ರಾಸ್ನಾಯಾ' ಹಾಕಿದೆ. ಆ ಒಂದು ದೃಶ್ಯ ಬಂದಾಗ ತಟ್ಟೆ ಪಕ್ಕಕ್ಕೆ ಸರಿಯಿತು.

ಜೈಲಿನಿಂದ ಬಿಡುಗಡೆಯಾದ ಯೆಗೊರ್ ವರ್ಷಗಳ ನಂತರ ತಾಯಿಯ ಮನೆಗೆ ಬರುತ್ತಾನೆ. ಮಗನೆಂದು ಹೇಳಿಕೊಳ್ಳುವುದಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಸುಮ್ಮನೆ ಕೂತಿರುತ್ತಾನೆ. ಮಾತನಾಡಿಸುವವಳು ಜೊತೆಗೆ ಬಂದ ಗೆಳತಿ ಲ್ಯೂಬಾ.

ತಾಯಿಯಾಗಿರುವ ಆ ಮುದುಕಿ ನಟಿಯಲ್ಲ, ನಿಜವಾದ ಹಳ್ಳಿಯ ಹೆಂಗಸು. ಯಾರ ಮುಖದಲ್ಲೂ ಬಣ್ಣ ಹಚ್ಚಿ ತರಲಾಗದ ದಣಿವು ಅದು.

ಹೊರಗೆ ಬಂದ ಯೆಗೊರ್ ನೆಲಕ್ಕೆ ಬಿದ್ದು ಅಳುತ್ತಾನೆ. ಯೆಗೊರ್ ಆಗಿರುವುದು ಶುಕ್ಷಿನ್. ಕಥೆ, ನಿರ್ದೇಶನ ಕೂಡ ಅವರದೇ. ಲ್ಯೂಬಾ ಆಗಿರುವುದು ಅವರ ಪತ್ನಿ ಲಿದಿಯಾ.

ಸೈಬೀರಿಯಾದ ಅಲ್ತಾಯ್ ಸೀಮೆಯ ಸ್ರೋಸ್ತ್ಕಿ ಎಂಬ ಹಳ್ಳಿ ಶುಕ್ಷಿನ್ ಅವರ ಊರು, ಹುಟ್ಟಿದ್ದು 1929ರಲ್ಲಿ. 1933ರಲ್ಲಿ ತಂದೆಯನ್ನು ಬಂಧಿಸಿ ಗುಂಡಿಟ್ಟು ಕೊಂದರು. ಬೆಳೆಸಿದ್ದು ತಾಯಿ. ಮಾಸ್ಕೋದಲ್ಲಿ ನಿರ್ದೇಶಕ ಮಿಖಾಯಿಲ್ ರೋಮ್ ಅವರ ಬಳಿ ಸಿನಿಮಾ ಕಲಿತರೂ ಹಳ್ಳಿ ಅವರನ್ನು ಬಿಡಲಿಲ್ಲ. ಆ ಅಳು ಬರೀ ನಟನೆ ಎಂದು ನಾನಂತೂ ಒಪ್ಪಲಾರೆ.

ಚಿತ್ರ ತೆರೆಗೆ ಬಂದದ್ದು 1974ರಲ್ಲಿ. ಅದೇ ವರ್ಷ ಅಕ್ಟೋಬರ್ 2ರಂದು, ನಿರ್ದೇಶಕ ಬೊಂದಾರ್ಚುಕ್ ಅವರ ಯುದ್ಧಚಿತ್ರದಲ್ಲಿ ನಟಿಸುತ್ತಿದ್ದಾಗ, ಶುಕ್ಷಿನ್ ಡಾನ್ ನದಿಯ ಹಡಗಿನಲ್ಲಿ ತೀರಿಕೊಂಡರು. ವಯಸ್ಸು 45. ಆ ಪಾತ್ರಕ್ಕೆ ದನಿ ಬೇರೆಯವರು ಕೊಡಬೇಕಾಯಿತು.

ಕೊಸಾಕ್ ಬಂಡಾಯಗಾರ ಸ್ತೆಪಾನ್ ರಾಜಿನ್ ಕುರಿತ ಸಿನಿಮಾ ಅವರ ಬಹುಕಾಲದ ಕನಸು. ವರ್ಷಗಟ್ಟಲೆ ಅನುಮತಿಗಾಗಿ ಕಾದರು. ಚಿತ್ರವಾಗಲೇ ಇಲ್ಲ. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.